ಬಟ್ಟೆ ಮನೆಗೆ ಕಿಟಕಿ

ಹೊರಡುವ ಮೊದಲೇ

ನನ್ನ ಕತ್ತರಿಯನ್ನು ಮಂಗಳೂರಿನ ವಿಮಾನ ನಿಲ್ದಾಣದಲ್ಲೇ ಹಿಡಿದರು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಅದು; ಉಡುಪಿಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ದೊಡ್ಡ ಬ್ಯಾಗಿಗೆ ಹಾಕಿದರೆ ಕಳೆದುಹೋದೀತೆಂದು ಕೈಚೀಲದಲ್ಲಿ, ಚಕ್ಕುಲಿ ಡಬ್ಬದ ಕೆಳಗೆ ಇಟ್ಟುಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಯಾರದ್ದಿದು ಎಂದು ಕೇಳಿದಳು. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕೊನೆಗೆ ಒಬ್ಬ ಪುಣ್ಯಾತ್ಮ ನನ್ನನ್ನು ವಾಪಸ್ಸು ಕೌಂಟರಿಗೆ ಕರೆದುಕೊಂಡು ಹೋಗಿ, ಕತ್ತರಿಯನ್ನು ಟವೆಲಿನಲ್ಲಿ ಸುತ್ತಿಸಿ, ಬೇರೆ ಸಾಮಾನಿನ ಜೊತೆ ಕಳಿಸಿಕೊಟ್ಟ. ಮೊದಲನೇ ವಿದೇಶ ಪ್ರವಾಸದ ಮೊದಲನೇ ಮರ್ಯಾದೆ ಹೀಗಾಯಿತು.

ಕತ್ತರಿ ತರಲು ಹೇಳಿದ್ದು ನನ್ನ ತಂಗಿ ಜಯಂತಿ. "ಚಳಿ ಶುರುವಾಗುವ ಮೊದಲು ಬಾ ಅಕ್ಕ, ಸ್ವಲ್ಪ ಹೊಲಿಗೆ ಉಂಟು," ಎಂದು ಫೋನಿನಲ್ಲಿ ಹೇಳಿದ್ದಳು. ದುಬೈಯ ವಿಲ್ಲಾದಲ್ಲಿ ಹೊಲಿಗೆ ಎಂದರೆ ಏನಿರುತ್ತದೆ? ಕಿಟಕಿಯ ಪರದೆಗಳು ಎಂದು ನಾನೇ ತೀರ್ಮಾನಿಸಿದೆ. ಅಂಗಡಿಗೆ ಬಂದವರಿಗೆಲ್ಲ ಹಾಗೆಯೇ ಹೇಳಿದೆ. ಬಿಳಿ ಲೇಸಿನ ಒಂದು ದೊಡ್ಡ ಸುರುಳಿಯನ್ನೂ ಕಟ್ಟಿಕೊಂಡೆ.

ಮಿರ್ದಿಫ್

ಜಯಂತಿ ಮದುವೆಯಾಗಿ ಆ ದೇಶ ಸೇರಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಗಂಡ ಸದಾನಂದನದ್ದು ಎಸಿ ಕೆಲಸ. ದೊಡ್ಡ ಕಟ್ಟಡಗಳ ಒಳಗೆ ತಣ್ಣನೆ ಗಾಳಿ ಹರಿಯುವ ತಗಡಿನ ಡಕ್ಟುಗಳನ್ನು ಕೂರಿಸುವ ತಂಡಕ್ಕೆ ಅವನು ಸೂಪರ್‌ವೈಸರ್ ಆಗಿದ್ದ. ದುಬೈಯ ಮಿರ್ದಿಫ್ ಎಂಬ ಬಡಾವಣೆಯ ಒಂದು ವಿಲ್ಲಾದಲ್ಲಿ ಅವರ ಮನೆ. ಆ ವಿಲ್ಲಾದಲ್ಲಿ ಹಿಂದಿನ ಎರಡು ಕೋಣೆ ಮಾತ್ರ ಅವರದ್ದು ಎನ್ನುವುದನ್ನು ಜಯಂತಿ ಯಾವತ್ತೂ ಮುಚ್ಚಿಟ್ಟವಳಲ್ಲ. ಊರಲ್ಲಿ ಹೇಳುವಾಗ ಆ ಭಾಗವನ್ನು ಬಿಟ್ಟು ಹೇಳುತ್ತಿದ್ದವಳು ನಾನು.

ವಿಮಾನ ನಿಲ್ದಾಣಕ್ಕೆ ಗಂಡ ಹೆಂಡತಿ, ಮಗಳು ಪ್ರಣೀತಾ ಮೂವರೂ ಬಂದಿದ್ದರು. ಊಟಕ್ಕೆ ಮಿರ್ದಿಫಿನ ಒಂದು ಮನೆಗೆ ಹೋದೆವು. ಜಯಂತಿಯ ಹಳೆಯ ನೆರೆಯವರದ್ದು. ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ, ಒಳಗೆ ಹಸಿರು ಹುಲ್ಲು. ಹದಿನಾರರ ಪ್ರಣೀತಾಳ ಕೈಗೆ ಫೋನ್ ಕೊಟ್ಟು, ಗೇಟಿನ ಮುಂದೆ ಸೆರಗು ಸರಿಮಾಡಿಕೊಂಡು ನಿಂತು ಫೋಟೋ ತೆಗೆಸಿಕೊಂಡೆ. "ತಂಗಿಯ ಮನೆಯಲ್ಲಿ" ಎಂದು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಪ್ರಣೀತಾ ಅದನ್ನು ಓದಿ ನನ್ನನ್ನೇ ನೋಡಿದಳು.

ಊಟ ಮಾಡುವಾಗ ಗೊತ್ತಾಯಿತು, ಅವರು ಮಿರ್ದಿಫ್ ಬಿಟ್ಟು ತಿಂಗಳುಗಳೇ ಆಗಿವೆ. ಸದಾನಂದನ ಕಂಪನಿ ಅವನಿದ್ದ ವಿಭಾಗವನ್ನೇ ಮುಚ್ಚಿತ್ತು. ಈಗ ಅವನು ಅಬುಧಾಬಿಯನ್ನೂ ದಾಟಿ, ಮದೀನತ್ ಜಾಯೆದ್ ಎಂಬ ಊರಿನ ಆಚೆ, ಮರಳುಗಾಡಿನ ಒಂದು ತೋಟದಲ್ಲಿ ಕೆಲಸಕ್ಕಿದ್ದ. ಚಳಿಗಾಲದಲ್ಲಿ ಜನ ಅಲ್ಲಿಗೆ ಬಂದು ಗುಡಾರದಲ್ಲಿ ಉಳಿಯುತ್ತಾರೆ, ಬೆಂಕಿ ಹಾಕಿಕೊಂಡು ಕೂರುತ್ತಾರೆ. ಅದರ ಉಸ್ತುವಾರಿ ಅವನದ್ದು. ಹೆಂಡತಿ ಮಗಳು ಅವನ ಜೊತೆಗೇ ಇದ್ದರು.

"ಮತ್ತೆ ಅಲ್ಲಿ ಮನೆ?" ಎಂದು ಕೇಳಿದೆ.

"ಕಟ್ತಾ ಇದ್ದೇವೆ," ಎಂದಳು ಜಯಂತಿ.

ನನಗೆ ಖುಷಿಯೇ ಆಯಿತು. ಆ ದೇಶದಲ್ಲಿ ಸ್ವಂತ ಮನೆ ಕಟ್ಟಿಸುವುದೆಂದರೆ ಸಣ್ಣ ಮಾತೇ? ಸ್ಲ್ಯಾಬ್ ಆಯಿತಾ ಎಂದು ವಿಚಾರಿಸಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು.

"ಸ್ಲ್ಯಾಬ್ ಇಲ್ಲ ಅಕ್ಕ. ಅದನ್ನು ನೀನು ಹೊಲಿಬೇಕು."

ನಾವು ಮನೆಯಲ್ಲಿ ಆಡುವುದು ತುಳು. ಆ ಮಾತನ್ನು ಅವಳು ತುಳುವಿನಲ್ಲಿ ಹೇಳಿದಾಗ ಊಟದ ಮೇಜಿನಲ್ಲಿದ್ದವರೆಲ್ಲ ನಕ್ಕರು. ಅರ್ಥವಾಗದೆ ನಾನೂ ನಕ್ಕೆ.

ಜೆಬೆಲ್ ಅಲಿ

ಮರುದಿನ ಹೊರಟವರು ದಾರಿಯಲ್ಲಿ ಜೆಬೆಲ್ ಅಲಿಯಲ್ಲಿ ನಿಂತೆವು. ಬಂದರಿನ ಊರು, ಕಣ್ಣು ಹಾಯಿಸಿದಷ್ಟೂ ಗೋದಾಮು. ಹಡಗಿನ ಸಾಮಾನಿನ ಕೆಳಗೆ ಹಾಕುವ ಮರದ ಪ್ಯಾಲೆಟ್‌ಗಳು ಮುರಿದು ಒಂದು ಗೋದಾಮಿನ ಹಿಂದೆ ರಾಶಿ ಬಿದ್ದಿದ್ದವು. ಅಲ್ಲಿ ಪರಿಚಯದವರೊಬ್ಬರು ಸದಾನಂದನಿಗೆ ಬೇಕಾದಷ್ಟು ಒಯ್ಯಲು ಬಿಟ್ಟಿದ್ದರಂತೆ. ನನ್ನ ತಂಗಿಯ ಮನೆಯ ಮರಮಟ್ಟು ಇದು.

ಗಂಡ ಹೆಂಡತಿ ಇಳಿದು ನೆಲಕ್ಕೂ ಬಾಗಿಲಿಗೂ ಬೇಕಾದ ಹಲಗೆ ಆರಿಸತೊಡಗಿದರು. ಅಕ್ಟೋಬರಿನ ಬಿಸಿಲು ನಮ್ಮ ಊರಿನ ಏಪ್ರಿಲಿಗಿಂತ ಜೋರು. ಜಯಂತಿ ಗಂಡನ ಹಳೆಯ ಸಮವಸ್ತ್ರದ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ, ಒಂದೊಂದು ಹಲಗೆಯನ್ನೂ ತಟ್ಟಿ ನೋಡಿ ತೆಗೆಯುತ್ತಿದ್ದಳು. ಅಷ್ಟರಲ್ಲಿ ಒಂದು ಕಂಪನಿ ಬಸ್ಸು ಬಂದು ನಿಂತು ಕೆಲಸಗಾರರು ಇಳಿದರು. ಅವರಲ್ಲಿ ಇಬ್ಬರು ಮೂವರು ಕೇಳದೆಯೇ ಹೋಗಿ ಅವರ ಜೊತೆ ಕೈ ಹಾಕಿದರು. ಒಬ್ಬ ತನ್ನ ನೀರಿನ ಬಾಟಲಿಯನ್ನು ಜಯಂತಿಗೆ ಕೊಟ್ಟ. ಅವಳು ಅಣ್ಣನ ಕೈಯಿಂದ ತೆಗೆದುಕೊಂಡ ಹಾಗೆ ಕುಡಿದಳು.

ನಾನು ಕಾರಿನೊಳಗೆ ಎಸಿ ಹಾಕಿಕೊಂಡು ಕೂತಿದ್ದೆ. ಇಳಿಯಬೇಕು ಎಂದು ಅನಿಸಿತು. ಆದರೆ ಆ ಜೆಬೆಲ್ ಅಲಿಯಲ್ಲಿ ಉಡುಪಿಯ ಕಡೆಯವರು ತುಂಬ ಇದ್ದಾರೆಂದು ಕೇಳಿದ್ದೆ. ನನ್ನ ಗಿರಾಕಿಗಳ ಗಂಡಂದಿರು, ಮಕ್ಕಳು. ಯಾರಾದರೂ ನೋಡಿದರೆ? ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಪ್ರಣೀತಾ ಕಾರಿನ ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿ, ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ಯು ಆಲ್ಸೋ?"

ಆಮೇಲೆ ಅವಳು ಅರ್ಧ ಇಂಗ್ಲಿಷ್ ಅರ್ಧ ತುಳುವಿನಲ್ಲಿ ತನ್ನ ವಿಷಯ ಹೇಳಿದಳು. ಶಾಲೆಯಲ್ಲಿ ಅವಳ ಗೆಳತಿಯರೆಲ್ಲ ಅವಳು ತೋಟದ ವಿಲ್ಲಾದಲ್ಲಿ ಇದ್ದಾಳೆಂದು ತಿಳಿದಿದ್ದರು. ಅದು ಮಾಲಿಕರ ವಿಲ್ಲಾ. ಶಾಲೆಯ ಬಸ್ಸು ಅದರ ಗೇಟಿನ ಮುಂದೆ ಬಿಡುತ್ತದೆ. ಬಸ್ಸು ಮರೆಯಾಗುವವರೆಗೆ ನಿಂತಿದ್ದು, ಆಮೇಲೆ ಇವಳು ಮರಳಿನಲ್ಲಿ ನಡೆದು ಮನೆಗೆ ಹೋಗುತ್ತಾಳೆ. ಅಮ್ಮನಿಗೆ ಹೇಳಬಾರದು ಎಂದಳು. ಹಿರಿಯಳಾದ ನಾನು ಬುದ್ಧಿ ಹೇಳಬೇಕಾದ ಜಾಗ ಅದು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಗುಟ್ಟು ಹಂಚಿಕೊಳ್ಳಲು ಒಬ್ಬಳು ಸಿಕ್ಕಿದ ಸಮಾಧಾನವೂ ಆಯಿತು ಎಂದರೆ ಸುಳ್ಳಲ್ಲ.

ಮದೀನತ್ ಜಾಯೆದ್‌ನ ಆಚೆ

ಖರ್ಜೂರದ ಸಾಲಿನ ಆಚೆ ಅದು ನಿಂತಿತ್ತು. ಸದಾನಂದ ಕಾರು ನಿಲ್ಲಿಸಿ ನನ್ನ ಮುಖ ನೋಡಿದ.

ನನಗೆ ಕಂಡದ್ದು ಬೋರಲು ಹಾಕಿದ ಒಂದು ಬುಟ್ಟಿ. ಮರದ ತೆಳು ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ, ಚರ್ಮದ ದಾರದಿಂದ ಬಿಗಿದು ದುಂಡಗೆ ನಿಲ್ಲಿಸಿದ ಗೋಡೆ. ಅದರ ಮೇಲಿನಿಂದ ಕೊಡೆಯ ಕಡ್ಡಿಗಳ ಹಾಗೆ ಬಾಗಿ ಏರಿದ ಕೋಲುಗಳು. ಕೋಲುಗಳೆಲ್ಲ ಹೋಗಿ ಸೇರುವ ನೆತ್ತಿಯಲ್ಲಿ ಒಂದು ದೊಡ್ಡ ಬಳೆ. ಡಕ್ಟಿಗೆ ಬಳಸುವ ಉಕ್ಕಿನ ಪಟ್ಟಿಯನ್ನು ಬಾಗಿಸಿ ಸದಾನಂದನೇ ಮಾಡಿದ್ದು. ಅದರೊಳಗಿಂದ ಆಕಾಶ ಕಾಣುತ್ತಿತ್ತು. ನಮ್ಮೂರಲ್ಲಿ ಬಸಳೆ ಹಬ್ಬಿಸಲು ಇದಕ್ಕಿಂತ ಗಟ್ಟಿ ಚಪ್ಪರ ಹಾಕುತ್ತಾರೆ ಎಂದು ನನ್ನ ಮನಸ್ಸಿಗೆ ಬಂತು.

ಇದಕ್ಕೆ ಯುರ್ಟ್ ಎನ್ನುತ್ತಾರಂತೆ. ಪಕ್ಕದ ತೋಟದಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಐಸುಲು ಎಂಬ ಹೆಂಗಸು ಕಿರ್ಗಿಸ್ತಾನದವಳು. ಅವರ ಬೆಟ್ಟದ ನಾಡಿನಲ್ಲಿ ಕುರಿ ಕಾಯುವವರು ಇಂಥ ಮನೆಯನ್ನು ಬಿಚ್ಚಿ ಕಟ್ಟಿ ಕೊಂಡೊಯ್ಯುತ್ತ ಬದುಕುತ್ತಾರೆ. ಆ ಜಾಗದಲ್ಲಿ ಸಿಮೆಂಟಿನ ಮನೆ ಕಟ್ಟುವ ಹಾಗಿಲ್ಲ, ಗುಡಾರ ಹಾಕಿಕೊಳ್ಳಿ ಎಂದು ಮಾಲಿಕರು ಹೇಳಿದಾಗ, ಐಸುಲು ಮರಳಿನ ಮೇಲೆ ಕಡ್ಡಿಯಿಂದ ಇದನ್ನು ಬರೆದು ತೋರಿಸಿದಳಂತೆ. ಬೇಸಿಗೆಯಿಡೀ ಅವಳೂ ಜಯಂತಿಯೂ ತೋಟದ ಕುರಿಗಳ ಉಣ್ಣೆಯನ್ನು ಒದ್ದೆ ಮಾಡಿ, ಚಾಪೆಯಲ್ಲಿ ಸುತ್ತಿ, ಉರುಳಿಸಿ ಉರುಳಿಸಿ ದಪ್ಪ ಹಾಸುಗಳನ್ನು ಮಾಡಿದ್ದರು. ಅದು ಒಳಪದರ. ಹೊರಪದರಕ್ಕೆ ಬಿಳಿ ಕ್ಯಾನ್ವಾಸ್. ಅದನ್ನು ಹೊಲಿಯಲು ನಾನು.

ಸದ್ಯಕ್ಕೆ ಅವರಿದ್ದದ್ದು ಪೋರ್ಟಾ ಕ್ಯಾಬಿನ್ ಎಂಬ ತಗಡಿನ ಒಂದು ಕೋಣೆಯಲ್ಲಿ. ಚಳಿಗಾಲದ ಅತಿಥಿಗಳು ಬಂದರೆ ಅದು ಅಡುಗೆಯವರಿಗೆ ಬೇಕು. ಅಷ್ಟರಲ್ಲಿ ಖಾಲಿ ಮಾಡಬೇಕು. ಬೇಸಿಗೆಗೆ ಎಂತ ಮಾಡ್ತೀರಿ ಎಂದು ಕೇಳಿದೆ. ಬೇಸಿಗೆಗೆ ಅತಿಥಿಗಳು ಇರುವುದಿಲ್ಲ, ಕ್ಯಾಬಿನ್ ಮತ್ತೆ ನಮಗೇ, ಅದರಲ್ಲಿ ಎಸಿ ಉಂಟು ಎಂದ ಸದಾನಂದ. ಎಲ್ಲವನ್ನೂ ಯೋಚಿಸಿಯೇ ಮಾಡಿದ್ದರು. ಮಗಳ ಶಾಲೆ ಮುಗಿಯುವವರೆಗೆ ಮೂವರೂ ಒಟ್ಟಿಗೆ ಇರಬೇಕು ಎನ್ನುವುದೊಂದೇ ಅವರ ಹಟ. ಇಲ್ಲದಿದ್ದರೆ ಅವನು ಲೇಬರ್ ಕ್ಯಾಂಪಿಗೆ, ತಾಯಿ ಮಗಳು ಊರಿಗೆ.

ಸಂಜೆ ಜಯಂತಿ ನನ್ನ ಪಕ್ಕ ಕೂತು ಫೋನ್ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ, "ಫೋಟೋ ಒಳ್ಳೆ ಬಂದಿದೆ ಅಕ್ಕ," ಎಂದಳು. ಅವಳ ಫೋನಿನಲ್ಲಿ ನನ್ನ ಸ್ಟೇಟಸ್ಸು ಬರುತ್ತದೆ ಎನ್ನುವುದನ್ನೇ ನಾನು ಮರೆತಿದ್ದೆ. ಕಾಗದದ ಹೂವು, ಗೇಟು, ನಾನು. ಮುಖ ತೊಳೆಯುವ ನೆಪದಲ್ಲಿ ಎದ್ದುಹೋದೆ.

ಕಿಟಕಿ

ಹೊಲಿಗೆಯನ್ನು ಮಾತ್ರ ನಾನು ಚೆನ್ನಾಗಿಯೇ ಮಾಡಿದೆ. ಮದೀನತ್ ಜಾಯೆದ್‌ನಲ್ಲಿ ಪರದೆ ಬಟ್ಟೆ, ಗುಡಾರದ ಬಟ್ಟೆ ಮಾರುವ ಇಸ್ಮಾಯಿಲ್ ಸಾಹೇಬರು ಭಟ್ಕಳದವರು. ದಪ್ಪ ಬಟ್ಟೆಗೆ ಆಗುವ ಮಶೀನನ್ನು ತಮ್ಮ ಅಂಗಡಿಯಿಂದಲೇ ಕಳಿಸಿಕೊಟ್ಟಿದ್ದರು. ಮೇಲಿನ ಮಾಡಿನ ಬಟ್ಟೆಯನ್ನು ಅಂಬ್ರೆಲಾ ಲಂಗದ ಹಾಗೆ ತುಂಡು ತುಂಡಾಗಿ ಕತ್ತರಿಸಿ ಜೋಡಿಸಿದೆ. ಸುತ್ತಿನ ಗೋಡೆಗೆ ಒಂದೇ ಉದ್ದನೆಯ ಪಟ್ಟಿ. ಎಲ್ಲವನ್ನೂ ಏರಿಸಿ ಹಗ್ಗ ಬಿಗಿದಾಗ ಒಂದು ಸುಕ್ಕೂ ಇರಲಿಲ್ಲ. ಐಸುಲು ಸುತ್ತ ನಡೆದು ನೋಡಿ, ನನ್ನ ಎರಡೂ ಕೈ ಹಿಡಿದು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಹೊಗಳಿಕೆ ಎಂದು ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು.

ಆದರೆ ಖರ್ಜೂರದ ಮರಗಳ ಕೆಳಗೆ ನಿಂತು ನೋಡಿದರೆ ಅದು ಗುಡಾರವೇ. ಮನೆ ಅಲ್ಲ.

ಒಂದು ಬೆಳಿಗ್ಗೆ ಪ್ರಣೀತಾ ಶಾಲೆಗೆ ಹೊರಡುವಾಗ ಗಾಬರಿಯಲ್ಲಿದ್ದಳು. ಅವಳ ಗೆಳತಿಯ ತಾಯಿ ಒಂದು ದಿನ ತಾನೇ ಕಾರಿನಲ್ಲಿ ಮನೆಗೆ ಬಿಡುತ್ತೇನೆ, ನಿಮ್ಮ ತೋಟವನ್ನೂ ನೋಡಿದ ಹಾಗಾಗುತ್ತದೆ ಎಂದಿದ್ದರಂತೆ. ಅವರೂ ಕನ್ನಡದವರು. "ದೊಡ್ಡಮ್ಮ, ಇದು ಟೆಂಟ್ ಥರಾ ಕಾಣದಂತೆ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದಳು. ಆ ದಿನ ಗಂಡ ಹೆಂಡತಿ ಹಗ್ಗ ತರಲು ಪೇಟೆಗೆ ಹೋಗಿದ್ದರು. ನಾನು ಒಬ್ಬಳೇ ಇದ್ದೆ. ಬ್ಯಾಗಿನಲ್ಲಿ ಲೇಸು ಇತ್ತು.

ಗೋಡೆಯ ಕ್ಯಾನ್ವಾಸಿನಲ್ಲಿ, ದಾರಿಗೆ ಕಾಣುವ ಕಡೆ, ಒಂದು ಕಿಟಕಿ ಕತ್ತರಿಸಿದೆ. ಒಳಗಿನ ಉಣ್ಣೆಯ ಹಾಸನ್ನೂ ಅಷ್ಟೇ ಅಳತೆಗೆ ತೆಗೆದೆ. ಅಂಚು ಮಡಚಿ ಹೊಲಿದೆ. ಲೇಸಿಗೆ ನೆರಿಗೆ ಕೊಟ್ಟು ತೂಗುಹಾಕಿದೆ. ದೂರ ಹೋಗಿ ನಿಂತು ನೋಡಿದೆ. ಕಾಟೇಜಿನ ಹಾಗೆ ಕಾಣಿಸಿತು. ನನ್ನಷ್ಟಕ್ಕೇ ಹೆಮ್ಮೆಪಟ್ಟೆ.

ಗಂಡ ಹೆಂಡತಿ ಬಂದು ಕಾರಿನಿಂದ ಇಳಿದವರು ಇಳಿದಲ್ಲೇ ನಿಂತರು. ಸದಾನಂದ ಹತ್ತಿರ ಬಂದು ಕಿಟಕಿಯ ಅಂಚನ್ನು ಬೆರಳಿನಿಂದ ಮುಟ್ಟಿದ. ಬೇಸಿಗೆಯಿಡೀ ಉರುಳಿಸಿದ ಉಣ್ಣೆಯ ತುಂಡು ಕೆಳಗೆ ಮರಳಿನ ಮೇಲೆ ಬಿದ್ದಿತ್ತು. ಜಯಂತಿ ಅದನ್ನು ಎತ್ತಿ, ಕೊಡವಿ, ಮಡಚಿ ಕೈಯಲ್ಲಿ ಹಿಡಿದುಕೊಂಡಳು. ಬಟ್ಟೆ ಸುತ್ತಲೂ ಒಂದೇ ಬಿಗಿಯಲ್ಲಿ ನಿಲ್ಲಬೇಕು ಅಕ್ಕ, ಮಧ್ಯೆ ತುಂಡಾದರೆ ಗಾಳಿಗೆ ಎಳೆಯುತ್ತದೆ ಎಂದು ಸದಾನಂದ ಮೆಲ್ಲನೆ ಹೇಳಿದ. ಹೇಳಿ, ನನಗೆ ಬೇಸರವಾದೀತೆಂದು, "ನೋಡುವ, ಎಂತ ಆಗ್ಲಿಕ್ಕಿಲ್ಲ," ಎಂದೂ ಸೇರಿಸಿದ. ಜಯಂತಿ ಲೇಸನ್ನು ನೋಡಿ, ಚಂದ ಉಂಟು ಎಂದಳು. ಆ ಎರಡು ಮಾತಿಗಿಂತ ಎರಡು ಏಟು ಕೊಟ್ಟಿದ್ದರೆ ಒಳ್ಳೆಯದಿತ್ತು.

ಗಾಳಿ ಎದ್ದದ್ದು ಎರಡು ದಿನ ಬಿಟ್ಟು, ನಡು ಮಧ್ಯಾಹ್ನ. ಮೊದಲು ಖರ್ಜೂರದ ಗರಿಗಳು ಒಂದೇ ದಿಕ್ಕಿಗೆ ಬಾಗಿದವು, ಆಮೇಲೆ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ನಾವು ಕ್ಯಾಬಿನ್ನಿನ ಗಾಜಿನಿಂದ ನೋಡುತ್ತಿದ್ದೆವು. ಲೇಸು ಒಳಗೆ ಹೋಗಿ ಹೊರಗೆ ಬಂದು ಒದ್ದಾಡಿತು. ಮನೆಯ ಹೊಟ್ಟೆ ಉಬ್ಬಿತು. ಆಮೇಲೆ ಕಿಟಕಿಯ ಮೇಲಿನ ಮೂಲೆಯಿಂದ ಮಾಡಿನ ಅಂಚಿನವರೆಗೆ ಕ್ಯಾನ್ವಾಸು ಹರಿಯಿತು. ಸದಾನಂದ ಓಡಿದ, ಹಿಂದೆಯೇ ಜಯಂತಿ. ಇಬ್ಬರೂ ಬಟ್ಟೆಗೆ ಜೋತುಬಿದ್ದು ಹಗ್ಗ ಸುತ್ತಿದರು. ನಾನು ಬಾಗಿಲು ತೆರೆದು ಹೊರಗೆ ಕಾಲಿಟ್ಟೆ, ಕಣ್ಣಿಗೆ ಮರಳು ತುಂಬಿ ವಾಪಸ್ಸು ಬಂದೆ. ಅಷ್ಟೂ ನನ್ನಿಂದ ಆಗಲಿಲ್ಲ.

ಮಾರನೆಯ ದಿನವೇ ಅಡುಗೆಯವರು ಬಂದರು. ಕ್ಯಾಬಿನ್ ಬಿಡಬೇಕಾಯಿತು. ಹರಿದ ಮನೆ ಹರಿದೇ ಇತ್ತು. ದನಕರುಗಳ ಹಿಂಡಿ ಮೂಟೆ ಇಡುವ ಕೊಟ್ಟಿಗೆಯಲ್ಲಿ ಜಾಗ ಮಾಡಿಕೊಂಡು ಇದ್ದೆವು. ಇದ್ದ ಒಂದೇ ಮಂಚವನ್ನು ಅವರು ನನಗೆ ಬಿಟ್ಟುಕೊಟ್ಟರು. ಬೇಡ ಎಂದರೆ ಕೇಳಲಿಲ್ಲ. ಮೂವರೂ ನೆಲದಲ್ಲಿ ಮಲಗಿದರು. ಮೂಟೆಗಳ ಧೂಳಿಗೆ ಪ್ರಣೀತಾಳಿಗೆ ಕೆಮ್ಮು ಹಿಡಿಯಿತು.

ಅದೇ ಬಿಳಿ ಕ್ಯಾನ್ವಾಸು ಪೇಟೆಯಲ್ಲಿ ಖಾಲಿಯಾಗಿತ್ತು. ತರಿಸಲು ದಿನ ಹಿಡಿಯುತ್ತದೆ ಎಂದ ಇಸ್ಮಾಯಿಲ್ ಸಾಹೇಬರು, ಲಾರಿಯ ಮೇಲೆ ಹೊದಿಸುವ ನೀಲಿ ಟಾರ್ಪಾಲನ್ನು ಕೊಟ್ಟರು. ಇದು ಬಣ್ಣಕ್ಕೆ ಆಗುವುದಿಲ್ಲ ತಾಯಿ, ಗಾಳಿಗೆ ಆಗುತ್ತದೆ ಎಂದರು. ಯಾರು ಕತ್ತರಿಸಿದ್ದು ಎಂದು ಅವರು ಕೇಳಲಿಲ್ಲ, ಜಯಂತಿಯೂ ಹೇಳಲಿಲ್ಲ. ಗೋಡೆಯಲ್ಲಿ ಲೇಸಿದ್ದ ಕಡೆಯಿಂದ ಮಾಡಿನವರೆಗೆ ಆ ನೀಲಿಯನ್ನು ನಾನು ಎರಡೆರಡು ಹೊಲಿಗೆ ಹಾಕಿ ಕೂರಿಸಿದೆ. ಬಿಳಿ ಮನೆಯ ಮೇಲೆ ಅದು ಗಾಯಕ್ಕೆ ಹಾಕಿದ ಪಟ್ಟಿಯ ಹಾಗೆ, ದಾರಿಯ ತಿರುವಿನಿಂದಲೇ ಕಾಣುತ್ತಿತ್ತು.

ಎರಡು ಲೋಟ ನೀರು

ಪ್ರಣೀತಾಳ ಗೆಳತಿಯ ತಾಯಿ ಬಂದದ್ದು, ನಾವು ಕೊನೆಯ ಹಗ್ಗಗಳನ್ನು ಬಿಗಿಯುತ್ತಿದ್ದ ದಿನ. ಸದಾನಂದ ಅತಿಥಿಗಳ ಗುಡಾರಗಳ ಕಡೆ ಹೋಗಿದ್ದ. ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಗ್ಗದ ತುದಿಗಳಿಗೆ ನೂಲು ಸುತ್ತುತ್ತಿದ್ದೆ. ಜಯಂತಿ ಅದೇ ಹಳೆಯ ಸಮವಸ್ತ್ರದ ಅಂಗಿಯಲ್ಲಿ, ತಲೆಗೆ ಟವೆಲು ಕಟ್ಟಿ, ಮೈಯೆಲ್ಲ ಮರಳಾಗಿ, ಗೋಡೆಯ ಬುಡದಲ್ಲಿ ಮೊಣಕಾಲೂರಿ ಗೂಟ ಹೊಡೆಯುತ್ತಿದ್ದಳು.

ದೊಡ್ಡ ಬಿಳಿ ಕಾರು ಮಾಲಿಕರ ಗೇಟಿನ ಹತ್ತಿರ ನಿಲ್ಲದೆ ನೇರ ನಮ್ಮ ಕಡೆಗೇ ಬಂತು. ಇಳಿದ ಹೆಂಗಸು ದಾವಣಗೆರೆ ಕಡೆಯವರು, ನಗುಮುಖದವರು. ಹಿಂದಿನ ಸೀಟಿನಿಂದ ಅವರ ಮಗಳೂ ಪ್ರಣೀತಾಳೂ ಇಳಿದರು.

"ನೀವು ಪ್ರಣೀತಾ ದೊಡ್ಡಮ್ಮ ಅಲ್ವ್ರಾ? ಭಾಳ ಹೇಳ್ತಿರ್ತಾಳೆ. ನಿಮ್ಮ ಮನೆ ಯಾವ ಕಡೀಗೆ?"

ನಾನು ಬಾಯಿ ಬಿಡುವ ಮೊದಲೇ ನನ್ನ ಕೈ ಎದ್ದು, ಖರ್ಜೂರದ ಸಾಲಿನ ಆಚೆ ಕಾಣುವ ಮಾಲಿಕರ ವಿಲ್ಲಾದ ಕಡೆ ತೋರಿಸಿತು. ಹಾಗಾದರೆ ಇದು ಏನು ಎಂದು ಅವರು ದುಂಡನೆ ಮನೆಯನ್ನು ನೋಡಿ ಕೇಳಿದರು. ಇದು ಕ್ಯಾಂಪಿನ ಕೆಲಸದವರದ್ದು ಎಂದೆ. ಅವರು ಇನ್ನೊಂದು ಕುರ್ಚಿ ಎಳೆದು ಕೂತು, ಸೆಖೆ ಎಂದು ಗಾಳಿ ಬೀಸಿಕೊಂಡರು. ಆಮೇಲೆ ಗೂಟ ಹೊಡೆಯುತ್ತಿದ್ದ ಜಯಂತಿಯ ಕಡೆ ತಿರುಗಿ, ಹಿಂದಿಯಲ್ಲಿ, ಮೃದುವಾಗಿಯೇ, ಸ್ವಲ್ಪ ನೀರು ತರುತ್ತೀಯಾ ಎಂದು ಕೇಳಿದರು.

ಜಯಂತಿ ನನ್ನನ್ನು ನೋಡಿದಳು. ನಾನು ಆಗ ಹೇಳಬಹುದಿತ್ತು. ಅವಳು ಅದಕ್ಕೆ ಬೇಕಾದಷ್ಟು ಹೊತ್ತು ಕಾದಳು. ನಾನು ನೂಲು ಸುತ್ತುವುದರಲ್ಲಿ ಕಣ್ಣಿಟ್ಟೆ. ಅವಳು ಸುತ್ತಿಗೆ ಕೆಳಗಿಟ್ಟು ಕೈ ಒರೆಸಿಕೊಂಡು ಒಳಗೆ ಹೋದಳು. ತಟ್ಟೆಯಲ್ಲಿ ಎರಡು ಲೋಟ ನೀರು ಇಟ್ಟುಕೊಂಡು ಬಂದಳು. ಅವರು ಒಂದು ತೆಗೆದುಕೊಂಡರು. ತಟ್ಟೆ ನನ್ನ ಮುಂದೆ ಬಂತು. ನಾನು ಇನ್ನೊಂದು ತೆಗೆದುಕೊಂಡು ಕುಡಿದೆ.

"ಆಂಟಿ," ಎಂದಳು ಪ್ರಣೀತಾ. ಅವಳು ಕಾರಿನ ಬಾಗಿಲು ಹಿಡಿದು ನಿಂತಿದ್ದಳು. "ಅವರು ನನ್ನ ಅಮ್ಮ. ನಮ್ಮ ಮನೆ ಅದಲ್ಲ, ಇದು. ಅಮ್ಮನೂ ಪಪ್ಪನೂ ಕಟ್ಟಿದ್ದು."

ಆ ಹೆಂಗಸು ಎದ್ದು ನಿಂತರು. ಲೋಟ ಎಲ್ಲಿಡುವುದೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ತಪ್ಪು ತಿಳೀಬ್ಯಾಡ್ರಿ, ನಂಗೆ ಗೊತ್ತಾಗಲಿಲ್ಲ," ಎಂದರು. ನಿಮಗೆ ಹೇಗೆ ಗೊತ್ತಾಗಬೇಕು ಎಂದು ಜಯಂತಿ ನಕ್ಕು, ಒಳಗೆ ಬನ್ನಿ, ಬಾಗಿಲು ಗಿಡ್ಡ, ತಲೆ ಜಾಗ್ರತೆ ಎಂದಳು. ಪ್ರಣೀತಾಳ ಭುಜದ ಮೇಲೆ ಮರಳಿನ ಕೈಯಿಟ್ಟು ಅವಳನ್ನೂ ಒಳಗೆ ಕರೆದುಕೊಂಡು ಹೋದಳು. ಒಳಗಿನಿಂದ ಮಾತು ಕೇಳುತ್ತಿತ್ತು. ಹುಡುಗಿಯರಿಬ್ಬರೂ ನೆಲದಲ್ಲಿ ಅಂಗಾತ ಮಲಗಿ ನೆತ್ತಿಯ ಬಳೆಯಿಂದ ಆಕಾಶ ನೋಡುತ್ತಿದ್ದರೆಂದು ಕಾಣುತ್ತದೆ. ನಗು ಮೇಲಿಂದಲೇ ಹೊರಬೀಳುತ್ತಿತ್ತು. ನಾನು ಖಾಲಿ ಲೋಟ ಹಿಡಿದು ಕುರ್ಚಿಯಲ್ಲೇ ಇದ್ದೆ. ನನ್ನನ್ನು ಯಾರೂ ಕರೆಯಲಿಲ್ಲ.

ಅವರು ಹೋದ ಮೇಲೆ ಜಯಂತಿ ಲೋಟಗಳನ್ನು ತೊಳೆಯುತ್ತಿದ್ದಲ್ಲಿಗೆ ಹೋದೆ. ತಪ್ಪಾಯಿತು ಎಂದೆ. ಅವಳು ತಲೆಯೆತ್ತಲಿಲ್ಲ.

"ಕಿಟಕಿ ಕತ್ತರಿಸಿದ್ದಕ್ಕೆ ನಂಗೆ ಸಿಟ್ಟಿಲ್ಲ ಅಕ್ಕ. ಅವರು ನೀರು ಕೇಳಿದ್ರು, ಕೊಟ್ಟೆ, ಅದಕ್ಕೂ ಬೇಜಾರಿಲ್ಲ. ನೀನು ಲೋಟ ತಕ್ಕೊಂಡಿಯಲ್ಲ. ನನ್ನ ಕೈಯಿಂದ ತಕ್ಕೊಂಡು, ನನ್ನ ಗುರ್ತವೇ ಇಲ್ಲದವರ ಹಾಗೆ ಕುಡ್ದಿಯಲ್ಲ."

ಇಷ್ಟು ಹೇಳಿ ಅವಳು ಲೋಟಗಳನ್ನು ಬೋರಲು ಹಾಕಿದಳು.

ಗೌರವದ ಜಾಗ

ಮನೆ ಒಕ್ಕಲಿನ ದಿನ ಐಸುಲು ಎಣ್ಣೆಯಲ್ಲಿ ಕರಿದ ಹಿಟ್ಟಿನ ಸಣ್ಣ ಸಣ್ಣ ತುಂಡುಗಳನ್ನು ದೊಡ್ಡ ಬಟ್ಟೆಯ ಮೇಲೆ ಸುರಿದಳು. ಹೂರಣವಿಲ್ಲದ ಸುಕ್ಕಿನುಂಡೆಯ ಹಾಗಿದ್ದವು. ಜಯಂತಿ ಹಾಲು ಉಕ್ಕಿಸಿದಳು. ಆ ಮನೆಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದಕ್ಕೂ ಕ್ರಮವಿದೆಯಂತೆ. ಬಾಗಿಲಿನಿಂದ ಒಳಬಂದರೆ ಬಲಗಡೆ ಹೆಂಗಸರ ಜಾಗ. ಪಾತ್ರೆ, ಒಲೆಯ ಸಾಮಾನು, ಮಾತು, ನಗು ಎಲ್ಲ ಅಲ್ಲಿ. ಬಾಗಿಲಿಗೆ ಎದುರಾಗಿ, ಗೋಡೆಯ ಬುಡದಲ್ಲಿ, ದೊಡ್ಡ ಅತಿಥಿಯ ಜಾಗ. ಮನೆಯವರು ಅಲ್ಲಿ ಕೂರುವುದಿಲ್ಲ.

ಐಸುಲು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಜಯಂತಿ ಹೊಸ ಹಾಸನ್ನು ತಂದು ಬಾಗಿಲಿನ ಎದುರಿಗೆ ಹಾಸಿದಳು. "ಅಕ್ಕ ಇಲ್ಲಿ ಕೂತುಕೊಳ್ಳಲಿ," ಎಂದಳು.

ಅಂದಿನಿಂದ ನನ್ನ ಊಟ, ನಿದ್ದೆ ಎಲ್ಲ ಅಲ್ಲಿಯೇ. ಮೊದಲ ಚಹ ನನಗೆ, ಮೊದಲ ದೋಸೆ ನನಗೆ. ಪಾತ್ರೆ ತೊಳೆಯಲು ಎದ್ದರೆ, ನೀನು ಕೂತ್ಕೋ ಅಕ್ಕ ಎನ್ನುತ್ತಿದ್ದಳು. ಧ್ವನಿಯಲ್ಲಿ ಒರಟುತನ ಇರಲಿಲ್ಲ. ಅತಿಥಿಗಳೊಡನೆ ಹೇಗೆ ಮಾತಾಡುತ್ತಾರೋ ಹಾಗೆ. ಬಲಗಡೆ ತಾಯಿ ಮಗಳು ತಲೆ ತಲೆ ತಾಗಿಸಿ ತುಳುವಿನಲ್ಲಿ ಪಿಸುಗುಡುವುದು ಕೇಳುತ್ತಿತ್ತು. ಪ್ರಣೀತಾಳ ಗೆಳತಿ ಮತ್ತೆ ಎರಡು ಸಲ ಬಂದಳು, ಒಮ್ಮೆ ರಾತ್ರಿ ಉಳಿದಳು. ನನ್ನ ಜಾಗದಿಂದ ಬಾಗಿಲು ನೇರ ಕಾಣುತ್ತದೆ. ಒಳಗೆ ಬರುವವರು ಯಾರಾದರೂ ತಲೆ ಬಗ್ಗಿಸಿಯೇ ಬರಬೇಕು, ಮತ್ತು ತಲೆ ಎತ್ತಿದ ಕೂಡಲೇ ನನ್ನನ್ನೇ ನೋಡಬೇಕು. ಎಲ್ಲರೂ ನಮಸ್ಕರಿಸುತ್ತಿದ್ದರು. ನನಗೆ ನೆಲದೊಳಗೆ ಇಳಿದುಹೋಗಬೇಕು ಎನಿಸುತ್ತಿತ್ತು.

ಚಳಿಯೂ ಬಂತು. ಮರಳುಗಾಡಿನಲ್ಲಿ ಚಳಿ ಎಂದರೆ ನಂಬುತ್ತಿರಲಿಲ್ಲ. ಬೆಳಿಗ್ಗೆ ಮಂಜು ಕವಿದು ಖರ್ಜೂರದ ಮರಗಳು ಬುಡದ ಹೊರತು ಕಾಣುತ್ತಿರಲಿಲ್ಲ, ಕ್ಯಾನ್ವಾಸಿನ ಹೊರಗೆ ನೀರು ಹನಿಯಾಗಿ ಇಳಿಯುತ್ತಿತ್ತು. ಒಳಗೆ ಉಣ್ಣೆಯ ಬಿಸುಪು. ಗೋಡೆ ಉಸಿರಾಡುವ ಹಾಗೆ ಮೆಲ್ಲಗೆ ಅಲುಗುತ್ತದೆ. ಇಂಥ ಮನೆಯಲ್ಲಿ ನಾನು ಇದುವರೆಗೆ ಮಲಗಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ನಾನು ಬ್ಯಾಗು ಕಟ್ಟಿ ನನ್ನ ಜಾಗದಲ್ಲಿ ಕೂತಿದ್ದೆ. ಜಯಂತಿ ಆ ಕಡೆ ಮೀನಿನ ಸಾರಿಗೆ ಮಸಾಲೆ ಹುರಿಯುತ್ತಿದ್ದಳು, ದಾರಿಗೆ ಕಟ್ಟಿಕೊಡಲೆಂದು. ಹುರಿದ ಮೆಣಸಿನ ಘಾಟು ನೆತ್ತಿಯ ಬಳೆಯಿಂದ ಹೊರಗೆ ಹೋಗುತ್ತಿತ್ತು. ಪ್ರಣೀತಾ ಶಾಲೆಗೆ ಹೋಗಿದ್ದಳು, ಸದಾನಂದ ಕಾರು ಒರೆಸುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಹೊರಡುವುದು, ಹೀಗೆಯೇ ಹೊರಡುವುದು ಎಂದುಕೊಂಡೆ.

ಜಯಂತಿ ತಿರುಗಿ ನೋಡಲಿಲ್ಲ. ಕೈಯಲ್ಲಿ ಸೌಟು ಆಡುತ್ತಲೇ ಇತ್ತು.

"ಎಂತ ಸುಮ್ನೆ ಕೂತದ್ದು ನೀನು? ಬಾ ಈಚೆ. ಕಾಯಿ ತುರಿ, ನನ್ನ ಕೈ ಖಾಲಿ ಇಲ್ಲ ಕಾಣುದಿಲ್ವಾ?"

ನಾನು ಎದ್ದು ಬಲಗಡೆಗೆ ಹೋಗಿ ತುರಿಮಣೆಯ ಮೇಲೆ ಕೂತೆ. ಕಾಯಿ ತುರಿಯುವಾಗ ತಲೆ ತಗ್ಗಿಸಿಯೇ ಕೂರಬೇಕು. ಅವಳು ಸಾಕು ಎನ್ನುವವರೆಗೂ ನಾನು ತಲೆ ಎತ್ತಲಿಲ್ಲ.